ನೂರ ಹದಿನೆಂಟು ಪರ್ಸೆಂಟ್

ಸೆವೆರಿನ್ ತಾವ್ರೊ ಫೋನು ಮುಂದಿಟ್ಟ,
ಬೆಸುಗೆಯ ಕಿಡಿ ಹಾರಿ ಮೂಲೆ ಕರಗಿದ ಫೋನು.
"ನಲವತ್ತೊಂದು ಸೆಕೆಂಡು ಇದೆ, ಮಾರಾಯ,
ಬರೀ ಅಲ್ಲಾಟ. ನಿಲ್ಲಿಸಿ ಕೊಡು.
ಮೊಯಿಲಿಯ ಮುಖ ಕಾಣಬೇಕು, ದೊಡ್ಡದಾಗಿ.
ಗುರುವಾರ ಪಾರ್ಟಿ, ಶನಿವಾರ ಅವನ ಫ್ಲೈಟು."

ಮನಾಮಾದ ಗಲ್ಲಿಯಲ್ಲಿ, ದರ್ಜಿಯಂಗಡಿಯ ಮೇಲೆ ನನ್ನ ರೂಮು.
ಕೆಳಗೆ ಅವರು ಹೊಲಿಯುತ್ತಾರೆ, ಮೇಲೆ ನಾನು ಕತ್ತರಿಸುತ್ತೇನೆ.
ಎ.ಸಿ.ಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತದೆ.
ಮದುವೆ, ಅಖೀಕಾ, ಮಗುವಿನ ಮೊದಲ ಪರಮಪ್ರಸಾದ,
ಎಲ್ಲವನ್ನೂ ಯಾರದೋ ನಿಲ್ಲದ ಕೈ
ಇಲ್ಲಿಗೆ ತಂದು ಸುರಿಯುತ್ತದೆ.

ತೆರೆದು ನೋಡಿದೆ.
ಹಿದ್ದ್‌ನ ಕ್ಯಾಂಪಿನ ಹಿಂದಿನ ಪಾರ್ಕಿಂಗು, ಶುಕ್ರವಾರದ ಸಂಜೆ.
ಐವತ್ತೆಂಟು ವರ್ಷದ ಮೊಯಿಲಿ
ಜನ್ಮದಲ್ಲಿ ಮೊದಲ ಸಲ ಸೈಕಲ್ಲು ಹತ್ತಿದ್ದಾನೆ.
ಇಪ್ಪತ್ತಾರು ವರ್ಷ ಹಡಗಿನ ಹೊಟ್ಟೆಗೆ ಬಣ್ಣ ಬಳಿದವನು
ಹ್ಯಾಂಡಲ್ಲು ಹಿಡಿದಿರುವುದು ನೋಡಬೇಕು,
ಹಾವಿನ ಕುತ್ತಿಗೆ ಹಿಡಿದ ಹಾಗೆ.
ಅದೂ ಹುಡುಕಿದರೆ ಮಾತ್ರ ಕಾಣುತ್ತದೆ:
ಆಕಾಶ, ಟೈರು, ಸೆವೆರಿನ್‌ನ ಹೆಬ್ಬೆರಳು, ಮತ್ತೆ ಆಕಾಶ.

ಟ್ರ್ಯಾಕಿಂಗಿಗೆ ಒಂದು ಚುಕ್ಕಿ ಬೇಕು,
ಎದ್ದು ಕಾಣುವ, ಕೊನೆತನಕ ಬದಲಾಗದ ಚುಕ್ಕಿ.
ಕಣ್ಣು ಆಗದು, ಮಿಟುಕಿಸುತ್ತಾನೆ.
ಹಲ್ಲು ಆಗದು, ಹೆದರಿ ಬಾಯಿ ಮುಚ್ಚುತ್ತಾನೆ.
ಅಂಗಿಯ ಎರಡನೇ ಗುಂಡಿ, ಬಿಳಿ ಬಟ್ಟೆಗೆ ಕಪ್ಪು ದಾರದಲ್ಲಿ
ತಾನೇ ಹೊಲಿದುಕೊಂಡದ್ದು:
ಅದರ ಸುತ್ತ ಪುಟ್ಟ ಚೌಕ ಹಾಕಿ
"ಇದರ ಬೆನ್ನು ಬಿಡಬೇಡ" ಎಂದೆ ಯಂತ್ರಕ್ಕೆ.

ಹನ್ನೆರಡನೇ ಸೆಕೆಂಡಿನಲ್ಲಿ ಕಂಬದ ನೆರಳು ಬಿದ್ದು
ಚೌಕ ಗುಂಡಿಯನ್ನು ಬಿಟ್ಟು
ನಿಂತ ಲಾರಿಯ ನಟ್ಟೊಂದಕ್ಕೆ ಅಂಟಿಕೊಂಡಿತು.
ಅಲ್ಲಿಂದ ಕೈಕೆಲಸ, ಒಂದೊಂದೇ ಫ್ರೇಮು,
ಅಕ್ಕಿಯಲ್ಲಿ ಕಲ್ಲು ಆರಿಸುತ್ತ
ರಾತ್ರಿ ಎರಡರವರೆಗೆ.

ಕೊನೆಗೂ ನಿಂತ ಮೊಯಿಲಿ,
ಪರದೆಯ ನಟ್ಟನಡುವೆ, ಪಾಸ್‌ಪೋರ್ಟ್ ಫೋಟೊಕ್ಕೆ ಕೂತವನಂತೆ.
ಅವನು ನಿಂತದ್ದೇ ತಡ, ಹಿದ್ದ್ ಕುಣಿಯತೊಡಗಿತು.
ಮಿನಾರು ತೂಗಿತು, ನೀರಿನ ಟ್ಯಾಂಕು ಹಾರಿತು,
ಕಡಲು ಒಮ್ಮೆ ಮೇಲೆ ಬಂದು ಇಣುಕಿ ಹೋಯಿತು.
ಕುಣಿಯಲಾರದವಳು ಹೇಳಿದ್ದು ಸುಳ್ಳಲ್ಲ,
ನೆಲವೇ ಡೊಂಕು.

ಅಂಚುಗಳಲ್ಲಿ ಈಗ ಕಪ್ಪು,
ಎಡಕ್ಕೊಂದು ಪಟ್ಟಿ, ಮರುಕ್ಷಣ ಮೇಲೊಂದು.
ಮುಚ್ಚಲು ದಾರಿ ಒಂದೇ, ಚಿತ್ರವನ್ನು ಹತ್ತಿರ ಎಳೆಯುವುದು.
ನೂರ ಐದು. ನೂರ ಹತ್ತು.
ನೂರ ಹದಿನೆಂಟಕ್ಕೆ ಕಪ್ಪೆಲ್ಲ ಹೊರಗೆ ಹೋಯಿತು.

ಅದರ ಜೊತೆ ಇನ್ನೊಬ್ಬನೂ ಹೋದ.
ಎಡ ಅಂಚಿನಲ್ಲಿ ಕ್ಯಾರಿಯರು ಹಿಡಿದು ಬಾಗಿ ಓಡುತ್ತಿದ್ದವನು,
ಗೇಟಿನ ಕಾವಲುಗಾರ, ಯೂನಿಫಾರ್ಮಿನ ನೀಲಿ ತೋಳು,
ಒಂದು ಚಪ್ಪಲಿ ಹಿಂದೆ ಬಿದ್ದದ್ದೂ ಗೊತ್ತಿಲ್ಲದವನು.
ಈಗ ಮೊಯಿಲಿ ಒಬ್ಬನೇ ಬಿಡುತ್ತಿದ್ದಾನೆ ಸೈಕಲ್ಲು,
ಯಾರ ಹಂಗೂ ಇಲ್ಲದೆ.

ಬೆಳಿಗ್ಗೆ ಸೆವೆರಿನ್ ನೋಡಿದ. ಎರಡು ಸಲ ನೋಡಿದ.
"ನಗು ಯಾರದ್ದು ಇದು?"
ನಿನ್ನದೇ. ಫೋನು ಹಿಡಿದವನದು.
ಹೊಟ್ಟೆ ಕುಲುಕಿದಾಗೆಲ್ಲ ಕೈ ಕುಲುಕಿದೆ.
ನಾನು ಕೈಯನ್ನು ಹಿಡಿದು ನಿಲ್ಲಿಸಿದೆ,
ನಗು ಧ್ವನಿಯಲ್ಲಿ ಉಳಿದು, ಕಾರಣ ಸಿಗದೆ,
ಪಾರ್ಕಿಂಗಿನ ತುಂಬ ಅಲೆಯುತ್ತಿತ್ತು,
ಸಾವಿನ ಮನೆಯಲ್ಲಿ ಯಾರೋ ನಕ್ಕ ಹಾಗೆ.

"ಘುಲಾಂ ಎಲ್ಲಿ?" ಎಂದ ಆಮೇಲೆ.
ಉತ್ತರ ಕೊಡದೆ ಅಂಕಿ ಇಳಿಸಿದೆ.
ನೂರ ಹತ್ತು: ನೀಲಿ ತೋಳು.
ನೂರ ನಾಲ್ಕು: ಮೊಣಕೈ, ಮೀಸೆ, ತೆರೆದ ಬಾಯಿ.
ಕಪ್ಪು ಪಟ್ಟಿಯೂ ಬಂತು, ಆಗಾಗ ಬಡಿಯುತ್ತ.
"ಇರಲಿ" ಎಂದ. "ಅಲ್ಲಾಟವೂ ಸ್ವಲ್ಪ ಇರಲಿ.
ತಲೆ ತಿರುಗದಷ್ಟು."

ಮೂರು ದಿನಾರು ಎಣಿಸಿದ. ಎರಡು ತೆಗೆದುಕೊಂಡೆ,
ಮಾಡಿದ್ದರಲ್ಲಿ ಅರ್ಧ ಬಿಚ್ಚಿಯಾಯಿತಲ್ಲ.

ರೆಂಡರಿಗೆ ಹಾಕಿ ಚಾ ಕುಡಿಯುತ್ತ ಕೂತೆವು.
ಅವನು ಕೈ ಬಿಟ್ಟದ್ದು ಯಾವಾಗ, ಕೇಳಿದೆ.
ಮೂವತ್ತೊಂಬತ್ತರಲ್ಲಿ, ಎಂದ, ಕೊನೆಗೆ.
ಆ ಎರಡು ಸೆಕೆಂಡಿನಲ್ಲಿ ಹಿಡಿಯಲು ಚುಕ್ಕಿಯೇ ಇಲ್ಲ,
ಬಿಳಿಚಿದ ಆಕಾಶ, ಅಷ್ಟೆ,
ಮತ್ತೆ ಸೆವೆರಿನ್‌ನ ಕೂಗು:
"ಹೋದ, ಹೋದ, ಹೋದ!"